ಭಾವನ ಕಾರ್ಡಿನಲ್ಲಿ ನನ್ನ ಹೆಂಡತಿ

ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ, ನನಗೆ ವಾದದಲ್ಲಿ ಸೋಲಲು ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಮುದ್ರಣಾಲಯ ಉಂಟು. ಮದುವೆ ಕಾಗದಗಳನ್ನು ಮೂರು ಭಾಷೆಗಳಲ್ಲಿ ಅಚ್ಚು ಹಾಕುತ್ತೇನೆ, ಅದನ್ನು ತಿದ್ದಲು ಬಂದವರ ಜೊತೆ ಮೂರು ಭಾಷೆಗಳಲ್ಲೂ ವಾದಿಸುತ್ತೇನೆ. ಮದುವೆ ಮುಂದಕ್ಕೆ ಹೋದರೂ ಹೋದೀತು, ನನ್ನ ಮಾತು ಹಿಂದಕ್ಕೆ ಬರುವುದಿಲ್ಲ. ಈಚೆಗೆ ನಾನು ಅತಿ ಹೆಚ್ಚು ಸಲ ಗೆದ್ದ ವಿಷಯವೆಂದರೆ ಆರೋಗ್ಯ ವಿಮೆ.

ಇಡೀ ದೇಶಕ್ಕೆ ಒಂದೇ ವಿಮೆ ಇರಬೇಕೇ, ರಾಜ್ಯಕ್ಕೊಂದು ಇರಬೇಕೇ ಎಂದು ಜನ ಜಗಳಾಡುವಾಗ ನನ್ನದು ಮೂರನೆಯ ಪಕ್ಷ: ವಿಮೆಯೇ ಬೇಡ. ಸರಕಾರ ಆಸ್ಪತ್ರೆ ಕಟ್ಟಲಿ, ಡಾಕ್ಟರರನ್ನು ನೇಮಿಸಲಿ. ಕಾರ್ಡು ಹಂಚಿದರೆ ಬಿಲ್ಲು ಏರುತ್ತದೆಯೇ ಹೊರತು ಜ್ವರ ಇಳಿಯುವುದಿಲ್ಲ. ಕೈ ಮುರಿದು ಹೋದವನನ್ನು ಈಗ ಮೊದಲು ಕೇಳುವುದು ಯಾವ ಕೈ ಎಂದಲ್ಲ, ಯಾವ ವಿಮೆ ಎಂದು. ಸ್ವಲ್ಪ ದೊಡ್ಡ ಕಾಯಿಲೆಯಾದರೆ ಗಡಿ ದಾಟಿ ಮಂಗಳೂರಿಗೆ ಓಡುವ ನಮ್ಮಂಥವರಿಗೆ ಆ ಕಾರ್ಡು ಅಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಈ ಮಾತಿಗೆಲ್ಲ ಎದುರು ನಿಲ್ಲುತ್ತಿದ್ದವರು ಒಬ್ಬರೇ. ನನ್ನ ಹೆಂಡತಿ ಜಯಂತಿಯ ಅಣ್ಣ, ಮಧೂರಿನಲ್ಲಿ ಟೈಲರ್ ಆಗಿರುವ ಕೃಷ್ಣಪ್ಪ ಭಾವ. ನಾನು ಅವರನ್ನು, ಅವರು ನನ್ನನ್ನು ಕರೆಯುವುದು ಭಾವ ಎಂದೇ.

ನಾಲ್ಕು ತಿಂಗಳ ಹಿಂದೆ ನಮ್ಮೂರ ಗ್ರಂಥಾಲಯದಲ್ಲಿ ಇದೇ ವಿಷಯದ ಮೇಲೆ ಚರ್ಚಾಕೂಟವಿತ್ತು. ನಾನು ಮಾತು ಮುಗಿಸಿದ ಮೇಲೆ ಭಾವ ಎದ್ದುನಿಂತು ಮೆಲ್ಲಗೆ ಕೇಳಿದರು: "ಭಾವ, ನೀವು ಹೇಳುವುದು ಸರಿಯೇ. ಆದ್ರೆ ನಿಮ್ಮ ಆ ಆಸ್ಪತ್ರೆ ಕಟ್ಟಿ ಮುಗಿಯುವವರೆಗೆ ಕಾಯಿಲೆ ಕಾಯ್ತಾ ಕೂತ್ಕೊಳ್ತದಾ?" ಸಭೆ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. "ನನ್ನ ಮನೆಯವರು ಯಾರೂ ಅಂಥ ಕಾರ್ಡು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ!" ಎಂದು ಮೇಜು ಗುದ್ದಿ ಹೇಳಿದೆ. ಭಾರೀ ಚಪ್ಪಾಳೆ. ಭಾವ ಚಹಾ ಕುಡಿಯದೆ ಹೊರಟುಹೋದರು, ಅಲ್ಲಿಂದ ನಮ್ಮಲ್ಲಿ ಮಾತು ನಿಂತಿತು. ಜಯಂತಿಯೂ ಹಿಂದಿನ ಬೆಂಚಿನಲ್ಲಿದ್ದಳು. ಅವಳೂ ಚಪ್ಪಾಳೆ ತಟ್ಟಿದಳೆಂದೇ ನಾನು ತಿಳಿದಿದ್ದೆ. ಅವಳ ಒಂದು ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತಂತೆ. ಅದನ್ನು ನೋಡಿದವರು ಬೇರೆ ಯಾರೋ, ನಾನಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿದ್ದವಳು ಸೌಟು ಕೈಯಲ್ಲಿರುವಾಗಲೇ ನೆಲಕ್ಕೆ ಕುಸಿದಳು. ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆ. ಪಿತ್ತಕೋಶದಲ್ಲಿ ಕಲ್ಲು, ಸೋಂಕೂ ಆಗಿದೆ, ತಡಮಾಡದೆ ಆಪರೇಶನ್ ಮಾಡಬೇಕು ಎಂದರು ಡಾಕ್ಟರು. "ಎಷ್ಟು ದಿನದಿಂದ ನೋವು?" ಎಂದು ಕೇಳಿದಾಗ ಜಯಂತಿ ನನ್ನ ಮುಖ ನೋಡದೆ, "ಮೂರು ತಿಂಗಳು" ಎಂದಳು. ಹೊರಗೆ ಕೌಂಟರಿನ ಹುಡುಗಿ ವಿಮೆ ಉಂಟಾ ಎಂದು ಕೇಳಿದಳು. ಇಲ್ಲ ಎಂದು ಗಾಂಭೀರ್ಯದಿಂದ ಹೇಳಿದೆ. ಅವಳು ಖರ್ಚಿನ ಅಂದಾಜು ಹೇಳಿದ ಮೇಲೆ ಗಾಂಭೀರ್ಯ ಉಳಿಯಲಿಲ್ಲ. ಅಚ್ಚಿನ ಯಂತ್ರವನ್ನು ಮಾರಬೇಕಾದೀತು ಎಂದು ಲೆಕ್ಕ ಹಾಕುತ್ತ ಅಲ್ಲೇ ಬೆಂಚಿನಲ್ಲಿ ಕುಳಿತೆ.

ಆಗ ಜಯಂತಿ, "ನನಗೆ ಕಾರ್ಡು ಉಂಟಲ್ಲ, ಅಣ್ಣನ ಹತ್ರ" ಎಂದಳು. ನಮ್ಮ ತುಳುವರ ಕಟ್ಟಿನಲ್ಲಿ ಹೆಣ್ಣು ಮದುವೆಯಾಗಿ ಎಲ್ಲಿಗೆ ಹೋದರೂ ತಾಯಿಮನೆಯ ಕುಟುಂಬಕ್ಕೇ ಸೇರಿದವಳು. ಹಾಗಾಗಿ ಇಪ್ಪತ್ತೇಳು ವರ್ಷಗಳಿಂದ ಅವಳ ಹೆಸರು ತಾಯಿಮನೆಯ ರೇಷನ್ ಕಾರ್ಡಿನಲ್ಲೇ ಇತ್ತು. ಬದಲಾಯಿಸಲು ಅವಳಿಗೆ ಮನಸ್ಸಿರಲಿಲ್ಲ, ನನಗೆ ಪುರಸೊತ್ತಿರಲಿಲ್ಲ. ನನ್ನ ಕಾರ್ಡಿನಲ್ಲಿ ನಾನು, ನನ್ನ ತಾಯಿ, ನನ್ನ ತಂಗಿ. ಸರಕಾರದ ವಿಮೆಯನ್ನು ಬಡವರ ರೇಷನ್ ಕಾರ್ಡು ನೋಡಿ ಕೊಟ್ಟದ್ದರಿಂದ ಅಣ್ಣನ ಕಾರ್ಡಿನಲ್ಲಿದ್ದ ನನ್ನ ಹೆಂಡತಿಗೆ ಸಿಕ್ಕಿತು, ನನಗೆ ಸಿಗಲಿಲ್ಲ.

"ಮತ್ತೆ ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?" ಎಂದೆ.

"ಅಷ್ಟು ಜನರ ಎದುರು ನೀವು ಹೇಳಿ ಆಗಿತ್ತಲ್ಲ. ನಾನೇ ಆ ಕಾರ್ಡು ಹಿಡ್ಕೊಂಡು ಹೋದ್ರೆ ನಿಮ್ಮ ಮರ್ಯಾದೆ ಎಂತ ಆಗ್ತದೆ?"

ಜೀವನದಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ. ನನ್ನ ಒಂದು ಮಾತು ಬೀಳಬಾರದೆಂದು ಅವಳು ಮೂರು ತಿಂಗಳು ನೋವು ನುಂಗಿದ್ದಳು. ನಾನೋ ಆ ಮೂರು ತಿಂಗಳೂ ಸಿಕ್ಕಿದವರಿಗೆಲ್ಲ ಆ ಚಪ್ಪಾಳೆಯ ಕಥೆ ಹೇಳಿಕೊಂಡು ತಿರುಗಿದ್ದೆ. ಮುಖ ಒರೆಸಿಕೊಂಡು ಭಾವನಿಗೆ ಫೋನ್ ಮಾಡಿದೆ. ಕ್ಷಮೆಯ ಮಾತನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡಿದ್ದೆ, ಹೇಳಲು ಅವರು ಬಿಡಲಿಲ್ಲ. "ಯಾವ ಆಸ್ಪತ್ರೆ? ಎಷ್ಟನೇ ಮಾಳಿಗೆ?" ಎಂದಷ್ಟೇ ಕೇಳಿ, ಅರ್ಧ ಗಂಟೆಯಲ್ಲಿ ಅಳತೆಯ ಟೇಪು ಕೊರಳಲ್ಲಿ ಇರುವಂತೆಯೇ ಬಂದು ನಿಂತರು. ಒಂದು ಕುಹಕದ ಮಾತಾದರೂ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಕಾರ್ಡು ತೆಗೆದು ಕೌಂಟರಿಗೆ ಕೊಟ್ಟರು. ಆಸ್ಪತ್ರೆಯವರು ಜಯಂತಿಯ ಬೆರಳಚ್ಚು ತೆಗೆದುಕೊಂಡರು, ಕಾಗದ ಮುಂದೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಕೌಂಟರಿನ ಹುಡುಗಿ, ಕಾರ್ಡಿಗೆ ಸೇರದ ಸ್ಕ್ಯಾನು, ಔಷಧಿಗಳ ಉದ್ದದ ಚೀಟಿಯೊಂದನ್ನು ನನ್ನ ಕೈಗೆ ಕೊಟ್ಟಳು. ನನ್ನ ವಾದ ಪೂರ್ತಿ ತಪ್ಪಾಗಿರಲಿಲ್ಲ ಎಂದು ಅದನ್ನು ನೋಡಿ ಒಂದು ಕ್ಷಣ ಖುಷಿಯಾಯಿತು ಎಂದರೆ, ನಾನು ಎಂಥವನೆಂದು ನಿಮಗೆ ಗೊತ್ತಾದೀತು.

ಆಪರೇಶನ್ ಸರಿಯಾಗಿ ಆಯಿತು. ಮೂರನೆಯ ದಿನ ಪಕ್ಕದ ಮಂಚದವಳ ಗಂಡ ಪೇಪರು ಮಡಚುತ್ತ, "ಈ ವಿಮೆಯ ವಿಷಯ ನಿಮಗೆ ಎಂತ ಅನಿಸ್ತದೆ?" ಎಂದು ಕೇಳಿದ. "ನೋಡಿ ಮಾರಾಯ್ರೆ, ನನ್ನ ಪ್ರಕಾರ..." ಎಂದು ಶುರುಮಾಡಿಯೇಬಿಟ್ಟೆ. ಮುಸುಂಬಿ ಸುಲಿಯುತ್ತಿದ್ದ ಭಾವ ತಲೆ ಎತ್ತಲಿಲ್ಲ. ಜಯಂತಿ ಕಣ್ಣು ಮುಚ್ಚಿಕೊಂಡಳು. ನಾನು ಮಾತು ಅಲ್ಲಿಗೇ ಬಿಟ್ಟು ಅವಳ ಮಂಚದ ಹತ್ತಿರ ಹೋಗಿ, "ನೋವು ಉಂಟಾ?" ಎಂದು ಕೇಳಿದೆ.

ಅವಳು ಕಣ್ಣು ತೆರೆದು ನನ್ನನ್ನೇ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಅಣ್ಣಾ, ಇವರಿಗೆ ಎಂತದೋ ಆಗಿದೆ. ಡಾಕ್ಟ್ರಿಗೆ ಒಮ್ಮೆ ತೋರಿಸು" ಎಂದಳು.

"ತೋರಿಸ್ಬಹುದು. ಭಾವನಿಗೆ ಕಾರ್ಡು ಇಲ್ಲ ಅಲ್ವಾ?" ಎಂದರು ಭಾವ.

ಅವಳು ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ನನ್ನ ಪ್ರಶ್ನೆಗೆ ಅವಳು ಉತ್ತರ ಕೊಡಲೇ ಇಲ್ಲ ಎಂಬುದು ಆಮೇಲೆ, ಕೆಳಗೆ ಔಷಧಿಯ ಸಾಲಿನಲ್ಲಿ ನಿಂತಿದ್ದಾಗ ಹೊಳೆಯಿತು. ಬೇಕೆಂದು ಬಿಟ್ಟದ್ದಲ್ಲ, ಪಾಪ. ಅಂಥ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.