ಹೊಳೆ ಬಂದುಹೋದ ಮೇಲೆ ನಮ್ಮ ಬೋರು

ಹೊಳೆ ದಂಡೆಯ ಊರಿನಲ್ಲಿ ಸಂಸಾರ ಮಾಡುವವರಿಗೆ ಇಂಥವು ತಪ್ಪುವುದಿಲ್ಲ. ನೀರು ಬಂದಷ್ಟು ಸಲ ಬುದ್ಧಿಯೂ ಬಂದಿದ್ದರೆ ನಮ್ಮ ಮನೆಯಲ್ಲಿ ಎಲ್ಲರೂ ಪಂಡಿತರಾಗಿರಬೇಕಿತ್ತು. ನಾನು ಹುಟ್ಟಿದ್ದು ಕಡಲ ಕಡೆಯ ಊರಿನಲ್ಲಿ. ಅಲ್ಲಿ ಬಾವಿಯ ಹತ್ತಿರ ಚಪ್ಪಲಿ ಹಾಕಿಕೊಂಡು ಹೋದರೆ ಅಜ್ಜಿ ಬೆನ್ನಿಗೆ ಗುದ್ದುತ್ತಿದ್ದಳು. ಮದುವೆಯಾಗಿ ಹಡಗಲಿ ತಾಲ್ಲೂಕಿಗೆ ಬಂದು ನಲವತ್ತೈದು ವರ್ಷವಾಯಿತು. ನೀರಿನ ವಿಷಯದಲ್ಲಿ ನನ್ನ ಮಾತು ಇನ್ನೂ ನಡೆದಿಲ್ಲ. ಈ ಸಲವಂತೂ ಮಗಳು ಬಾಣಂತಿ, ತೊಟ್ಟಿಲಲ್ಲಿ ಇಪ್ಪತ್ತು ದಿನದ ಕೂಸು. ಅವರ ಬಾಯಿಗೆ ಕೊಳಕು ನೀರು ಹೋಗಬಾರದು ಎನ್ನುವುದೊಂದೇ ನನ್ನ ಚಿಂತೆ.

ಉಸಿರು

ಬೋರಿನ ಪೈಪು ಮೊದಲು ನೆಲದಿಂದ ಎರಡು ಅಡಿ ಮೇಲಿತ್ತು. ಮೆಕ್ಕೆಜೋಳ ಒಣಹಾಕಲು ಅಡ್ಡವಾಗುತ್ತದೆಂದು ಯಜಮಾನರು ಅದನ್ನು ಗೇಣುದ್ದಕ್ಕೆ ಕತ್ತರಿಸಿದರು. ಹೊಳೆ ಏರುತ್ತಿದೆ ಎಂದು ಪಂಚಾಯ್ತಿಯ ಆಟೋ ಕೂಗಿಕೊಂಡು ಹೋದಾಗ ನಾನು, "ಬೋರಿನ ಬಾಯಿ ಗಟ್ಟಿ ಮುಚ್ಚಿಬಿಡ್ರಿ" ಎಂದು ಗೋಗರೆದೆ. ಅವರು ದಪ್ಪ ಪ್ಲಾಸ್ಟಿಕ್ ಹೊದಿಸಿ, ಸೈಕಲ್ ಟ್ಯೂಬಿನಿಂದ ಬಿಗಿದರು. ಆಮೇಲೆ ಚೀಲ ಹೊಲಿಯುವ ದಬ್ಬಳ ತಂದು ಅದಕ್ಕೆ ಐದಾರು ತೂತು ಹಾಕಿದರು.

"ಅಯ್ಯೋ, ಇದೇನ್ರಿ?"

"ಪೂರ್ತಿ ಮುಚ್ಚಿದ್ರ ಉಸಿರು ಕಟ್ಟತೈತಲೇ. ಒಳಗಿರೋದು ಗಂಗವ್ವ, ಉಪ್ಪಿನಕಾಯಿ ಅಲ್ಲ."

ಮರುದಿನ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿತು. ಗಂಗವ್ವ ಎರಡು ದಿನ ಗುಳುಗುಳು ಎಂದು ಉಸಿರಾಡಿದಳು.

ಬೇಳೆ

ನೀರು ಇಳಿದ ಮೇಲೆ ಮೋಟಾರು ಹಾಕಿದರೆ ಕೆಮ್ಮಣ್ಣಿನ ಬಣ್ಣ, ಕೊಟ್ಟಿಗೆಯ ವಾಸನೆ. ತಲೆಯ ಮೇಲೆ ಕೈ ಹೊತ್ತು ಕೂತೆ. ಪಕ್ಕದ ಮನೆಯ ಹಿರಿಯಾಕೆ ಸಮಾಧಾನ ಹೇಳಲು ಬಂದರು.

"ಅಳಬ್ಯಾಡ ತಂಗಿ. ಇಷ್ಟ್ ದಿನ ನಿಮ್ಮ ಬೋರಿನಾಗ ಸವಳು ನೀರು, ಬ್ಯಾಳಿ ಬೇಯ್ತಿರಲಿಲ್ಲ. ಈಗ ಹೊಳಿ ನೀರು ಬಿದ್ದೈತಿ. ಗಳಿಗ್ಯಾಗ ಬೇಯ್ತೈತಿ ನೋಡು."

ಬಿಳಿ ಗೆರೆ

ಊರಿನ ನರ್ಸಮ್ಮ ಬ್ಲೀಚಿಂಗ್ ಪುಡಿ ತಂದು ಕೊಟ್ಟರು. "ಬಕೆಟ್ ನೀರಿನಾಗ ಕಲಸಿ ಬೋರಿಗೆ ಹಾಕ್ರಿ. ಒಂದು ದಿನ ಬಿಟ್ಟು, ವಾಸನಿ ಹೋಗೋತನ ಮೋಟಾರ್ ಓಡಿಸ್ರಿ" ಎಂದು ಯಜಮಾನರಿಗೆ ಎರಡೆರಡು ಸಲ ಹೇಳಿ ಹೋದರು. ಕೂಸನ್ನು ಮಲಗಿಸಿ ಹೊರಗೆ ಬಂದರೆ ಬೋರಿನ ಸುತ್ತ ಬೆಳ್ಳಗೆ ದುಂಡನೆಯ ಗೆರೆ.

"ಒಳಗೆ ಹಾಕಲಿಲ್ಲವೇನ್ರಿ?"

"ಪಂಚಾಯ್ತಿಯವರು ಗಟಾರದ ಒಳಗ ಹಾಕ್ತಾರೇನು? ದಂಡಿಗೆ ಹಾಕ್ತಾರ. ಅವರಿಗಿಂತ ನಿಂಗ ಹೆಚ್ಚು ಗೊತ್ತೈತೇನು?"

ರೋಗದ ಹುಳು ಆ ಗೆರೆ ದಾಟುವುದಿಲ್ಲವೆಂದು ಅವರ ನಂಬಿಕೆ. ಹುಳುಗಳು ಆಗಲೇ ಒಳಗಿದ್ದವು; ಪಾಪ, ಇನ್ನು ಹೊರಗೆ ಹೋಗಲೂ ದಾರಿಯಿಲ್ಲ.

ಬಾಟಲಿ

ಕಡೆಗೆ ನೀರನ್ನು ಪರೀಕ್ಷೆಗೆ ಕಳಿಸೋಣವೆಂದು ನರ್ಸಮ್ಮ ಖಾಲಿ ಬಾಟಲಿ ಕೊಟ್ಟರು. ಯಜಮಾನರು ತಾವೇ ತುಂಬಿ ಕಳಿಸಿದರು. ವರದಿ ಬಂತು: ಕುಡಿಯಲು ಯೋಗ್ಯ. ಅವರು ಅದನ್ನು ಓಣಿಗೆಲ್ಲ ಓದಿ ಹೇಳಿದರು. ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕೊಡಗಳ ಸಾಲು. ಮಗಳೂ ಲೋಟ ಹಿಡಿದು ಬಂದಳು. ನಲ್ಲಿ ತಿರುಗಿಸಿದರೆ ಅದೇ ಕೆಂಪು ನೀರು. ಅವಳ ಕೈಯಿಂದ ಲೋಟ ಕಿತ್ತುಕೊಂಡೆ.

"ಖರೇ ಹೇಳ್ರಿ, ಬಾಟಲಿಗೆ ಯಾವ ನೀರು ತುಂಬಿದ್ರಿ?"

"ಇಂಥಾ ರಾಡಿ ನೀರು ಆಫೀಸಿಗೆ ಕಳಿಸಾಕ ಆಕೈತೇನು? ಮನಿ ಮರ್ಯಾದಿ ಏನಾಗಬೇಕು? ನೀನು ಬಾಣಂತಿಗಂತ ಟ್ಯಾಂಕರ್ ನೀರು ಕುದಿಸಿ, ಸೋಸಿ ಇಟ್ಟಿದ್ದಿಯಲ್ಲ, ಅದನ್ನ ತುಂಬೀನಿ."

ನಾನು ಅಂಗಳದವರಿಗೆಲ್ಲ ಕೈ ಮುಗಿದೆ. "ಯಾರೂ ತುಂಬಿಕೊಳ್ಳಬ್ಯಾಡ್ರಿ. ಪಾಸಾಗಿದ್ದು ಈ ಬೋರಲ್ಲ, ನಾನು ಒಲೆಯ ಮೇಲೆ ಕುದಿಸಿದ ನೀರು."

ಮುಂದೆ ನಿಂತಿದ್ದಾಕೆ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಹಂಗಾರ ಬೋರು ಬಿಡ್ರಿ ಅಮ್ಮಾರ. ಒಲಿ ಯಾವ ಕಡಿ ಐತಿ?"

ಕೊಡಗಳ ಸಾಲು ಹಾಗೆಯೇ ಅಡುಗೆಮನೆಯ ಬಾಗಿಲಿಗೆ ತಿರುಗಿತು.