ಗೆದ್ದ ಸೂಜಿಯ ಕುರಿತು ಡಾಕ್ಟರ್ ಮಹಾಲಿಂಗಯ್ಯನವರಿಗೆ

ಸಿರಾ, ಫೆಬ್ರವರಿ ೧೯೬೨

ಮಾನ್ಯರೇ,

ಮದುವೆಯಾಗಿ ಐವತ್ತು ದಿನವೂ ತುಂಬದ ಹಮೀದಾ ಎಂಬ ನಾನು, ನನ್ನ ಯಜಮಾನರಾದ ಇನಾಯತುಲ್ಲಾ ಅವರ ಹೊಟ್ಟೆಯ ಹುಣ್ಣನ್ನು ಕೊಯ್ದು ಅವರನ್ನು ನನಗೆ ಉಳಿಸಿಕೊಟ್ಟ ತಮ್ಮ ಎರಡೂ ಕೈಗಳಿಗೆ ಸಾವಿರ ಸಲಾಮು ಸಲ್ಲಿಸಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಕೈಗಳ ಬಗ್ಗೆ ನನ್ನ ದೂರಿಲ್ಲ; ಕಿವಿಗಳ ಬಗ್ಗೆ ಇದೆ.

ಆಪರೇಷನ್ನಿನ ನಂತರದ ನೋವು ತಡೆಯಲು ನರಗಳನ್ನು ಮರಗಟ್ಟಿಸುವ ಎರಡು ವಿಧಾನಗಳಲ್ಲಿ ಯಾವುದು ಮೇಲೆಂದು ತಾವು ಹೋಲಿಸಿ ನೋಡುತ್ತಿರುವುದು ನಮ್ಮ ಊರಿನ ಭಾಗ್ಯ. ನನ್ನವರಿಗೆ ಹೊಟ್ಟೆಯ ಮುಂಭಾಗದ ಸ್ನಾಯುವಿನ ಪೊರೆಯೊಳಗೆ ಸೂಜಿ. ಅದೇ ಆಪರೇಷನ್ ಆದ ಪಕ್ಕದ ಹಾಸಿಗೆಯ ಕುರಿಗಾರ, ಹುಲಿಕುಂಟೆಯ ಕ್ಯಾತಣ್ಣನಿಗೆ ಪಕ್ಕೆಲುಬುಗಳ ನಡುವೆ ಸೂಜಿ. ಬೆಳಿಗ್ಗೆ ತಾವು ವಿಚಾರಿಸಿದಾಗ ಕ್ಯಾತಣ್ಣ, "ಬಲಗಡೆ ಒಂಚೂರು ಚುರುಚುರು ಅಂತೈತೆ ಸಾಮಿ, ಇನ್ನೇನಿಲ್ಲ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ತನ್ನ ಬೀಡಿಯ ಕೆಮ್ಮನ್ನು ಮನಸಾರೆ ಕೆಮ್ಮಿದ. ನನ್ನವರು ಬಂದ ಸೀನನ್ನು ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನತ್ತ ಮುಗುಳ್ನಕ್ಕು, ನೋವೇ ಇಲ್ಲ ಎಂದರು. ತಾವು ಕ್ಯಾತಣ್ಣನ ಚಾರ್ಟಿನಲ್ಲಿ ‘ನೋವಿದೆ’ ಎಂದೂ ಇವರ ಚಾರ್ಟಿನಲ್ಲಿ ‘ನೋವಿಲ್ಲ’ ಎಂದೂ ಬರೆದಿರಿ. ಬರೆದದ್ದು ಇಂಗ್ಲಿಷಿನಲ್ಲಿ ಎಂಬುದು ನಿಜ. ಆದರೆ ಹತ್ತು ವರ್ಷ ನನ್ನನ್ನು ಕಾನ್ವೆಂಟಿಗೆ ಕಳಿಸಿದ ಅಬ್ಬಾ ಅವರ ಕೃಪೆಯಿಂದ ಅಷ್ಟನ್ನು ಓದಬಲ್ಲೆ.

ತಾವು ಅತ್ತ ಹೋದ ಮೇಲೆ ಕ್ಯಾತಣ್ಣನೇ ಮರುಗಿ ಹೇಳಿದ: "ನೀನು ನೀರು ತರಾಕೆ ಹೋದ್ರೆ ಸಾಕು, ಏನ್ ನರಳ್ತಾನೆ ಕಣಮ್ಮ ನಿನ್ ಗಂಡ."

ಈಗ ಮುಂಭಾಗದ ಸೂಜಿಯೇ ಗೆದ್ದಿತೆಂದೂ, ಸೋಮವಾರದಿಂದ ಎಲ್ಲರಿಗೂ ಅದೇ ಎಂದೂ ಅಪ್ಪಣೆಯಾಗಿದೆ. ಸೋಮವಾರದ ಮೊದಲ ರೋಗಿ, ಪಿತ್ತಕೋಶದಲ್ಲಿ ಕಲ್ಲಿರುವ ನನ್ನ ಅತ್ತೆ ಶರ್ಫುನ್ನೀಸಾ. ಹೊಸ ಸೊಸೆಯ ಮುಂದೆ ಅವರು ‘ಹಾ’ ಎನ್ನುವುದಕ್ಕಿಂತ ನಮ್ಮ ಸಿರಾ ಕೋಟೆಯ ಗೋಡೆ ನರಳುವುದು ಸುಲಭ. ತಮ್ಮ ಸೂಜಿ ಮತ್ತೊಮ್ಮೆ ಗೆಲ್ಲುವುದು ಖಚಿತವಾದ್ದರಿಂದ ಅಭಿನಂದನೆಗಳನ್ನು ಇಂದೇ ಒಪ್ಪಿಸುತ್ತಿದ್ದೇನೆ.

ಬಿನ್ನಹವಿಷ್ಟೇ. ಇನ್ನು ಮುಂದೆ ಮದುವೆಯಾಗಿ ಹತ್ತು ವರ್ಷ ದಾಟಿದ ಗಂಡಸರನ್ನು ಮಾತ್ರ ಹೋಲಿಕೆಗೆ ಆರಿಸಿಕೊಳ್ಳಿ, ಇಲ್ಲವೇ ಪ್ರಶ್ನೆಗೆ ಮೊದಲು ಹೆಂಡತಿಯನ್ನು ಪಾವಗಡದ ಬಸ್ಸು ಹತ್ತಿಸಿ. ಎರಡೂ ಕಷ್ಟವೆಂದಾದರೆ ಅತ್ತೆಗೆ ಪಕ್ಕೆಲುಬಿನ ಸೂಜಿಯನ್ನೇ ಕೊಡಿ. ನೋವಿದೆಯೇ ಎಂದು ಕೇಳಬೇಡಿ, ಒಮ್ಮೆ ಕೆಮ್ಮಲು ಹೇಳಿ.

ತಮ್ಮ ಕೈಗಳ ಮಟ್ಟಿಗೆ ಎಂದೆಂದೂ
ತಮ್ಮ ವಿಶ್ವಾಸಿ,
ಹಮೀದಾ

ಮರೆತ ಮಾತು: ತಾವು ‘ನೋವಿಲ್ಲ’ ಎಂದು ಬರೆಯುತ್ತಿದ್ದಾಗ ನನ್ನವರು ಹೊದಿಕೆಯ ಕೆಳಗೆ ನನ್ನ ಕೈ ಹಿಡಿದಿದ್ದರು. ಮದುವೆಯಲ್ಲಿ ತೊಡಿಸಿದ ಗಾಜಿನ ಬಳೆಗಳಲ್ಲಿ ಏಳು ಒಡೆದವು. ನಾನೂ ತಮ್ಮೆದುರು ನಗುತ್ತಲೇ ನಿಂತಿದ್ದೆ. ಚೂರುಗಳನ್ನು ಪೊಟ್ಟಣ ಕಟ್ಟಿ ಲಗತ್ತಿಸಿದ್ದೇನೆ, ದಯವಿಟ್ಟು ಚಾರ್ಟಿಗೆ ಸೇರಿಸಿ.