ಹಕಾರದ ಹಾರಾಟ

ತೊಂದರೆ ಶುರುವಾದದ್ದು ಒಂದು ಹಕಾರದಿಂದ.

ಬೆಳಗಿನ ಕಾಫಿ ಆರುವ ಮೊದಲೇ ಅವನು ಮೊಬೈಲಿನಲ್ಲಿ ಎರಡು ವಿಮಾನ ಟಿಕೆಟ್ ಕೊಂಡಿದ್ದ. ದೂರದ ಊರಿನಲ್ಲಿದ್ದ ಮಗಳಿಗೆ ನಾಡಿದ್ದು ಬೆಳಿಗ್ಗೆ ಸಿಸೇರಿಯನ್ ಎಂದು ಡಾಕ್ಟರು ಗೊತ್ತುಮಾಡಿದ್ದರು. ನಾಳೆ ಸಂಜೆಯೊಳಗೆ ಅಮ್ಮ ಪಕ್ಕದಲ್ಲಿರಬೇಕೆಂದು ಅವಳ ಹಟ. ರೈಲನ್ನು ನಂಬಿದರೆ ಮಗು ಹುಟ್ಟಿ, ಅತ್ತು, ಸುಸ್ತಾಗಿ ಮಲಗಿದ ಮೇಲೆಯೇ ಮುಖ ನೋಡಬೇಕು.

“ನನ್ನ ತಮ್ಮನಿಗೆ ಹೇಳಿದ್ರೆ ಮಾಡ್ಕೊಡ್ತಿದ್ದ. ಅವನಿಗೆ ಇಂಥದ್ದೆಲ್ಲ ಗೊತ್ತು” ಎಂದಳು ಹೆಂಡತಿ.

“ನಿನ್ನ ತಮ್ಮನಿಗೆ ಗೊತ್ತಿಲ್ಲದ್ದು ಒಂದೇ, ಬಾಯಿ ಮುಚ್ಚೋದು. ಆಗಲೇ ಬುಕ್ ಆಯ್ತು. ನೀನು ಬಟ್ಟೆ ಜೋಡಿಸ್ಕೋ.”

“ನೀವು ಮಾಡಿದ್ದು ಅಂದ್ರೇನೇ ಭಯ ಕಣ್ರೀ. ಹೋದ್ಸಲ ನೀವು ಗ್ಯಾಸ್ ಬುಕ್ ಮಾಡಿದ್ರಿ, ಪಕ್ಕದ್ಮನೆಯೋರು ಅಡುಗೆ ಮಾಡ್ಕೊಂಡ್ರು.”

ಅಷ್ಟರಲ್ಲಿ ಟಿಕೆಟ್ ಬಂತು. ‘ನಿಮ್ಮ ಅಣ ತಲುಪಿದೆ. ವಿಮಾನ ಆರುವ ಮೊದಲು ಬಂದು ಸೇರಿ.’

ಬೇರೆ ಯಾರಾದರೂ ಆಗಿದ್ದರೆ ಅನುಮಾನಪಡುತ್ತಿದ್ದರು. ಅವನು ನೊಂದುಕೊಂಡ. ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕರಡು ತಿದ್ದುವುದು ಅವನ ಕಸುಬು. ಅಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಕಾಗುಣಿತ’ ಎನ್ನುತ್ತಿದ್ದರು. ಬಸ್ಸಿಗೆ ಕಾಯುತ್ತಲೇ ಟಿಕೆಟ್ ಬಂದ ನಂಬರಿಗೆ ಬರೆದ: ‘ಅಣ ಅಲ್ಲ, ಹಣ. ವಿಮಾನ ಹಾರುತ್ತದೆ, ಆರುವುದು ದೀಪ.’

ತಕ್ಷಣ ಉತ್ತರ ಬಂತು: ‘ತುಂಬಾ ದನ್ಯವಾದ ಸಾರ್. ಇನ್ನೂ ತಪ್ಪಿದ್ದರೆ ದಯಮಾಡಿ ತಿಳಿಸಿ.’

‘ದನ್ಯವಾದ’ವನ್ನೂ ತಿದ್ದಿ ಕಳಿಸಿದ. ಕಣ್ಣು ಮಾತ್ರ ಒದ್ದೆಯಾಯಿತು. ಅವನ ಕೆಂಪು ಶಾಯಿ ಕಂಡ ಲೇಖಕರು ನಾಯಿ ಕಚ್ಚಿದವರಂತೆ ಕೂಗಾಡುವುದೇ ರೂಢಿ. ಇನ್ನೂ ತಪ್ಪು ಹೇಳಿ ಎಂದು ಕೇಳಿದ ಮನುಷ್ಯನನ್ನು ಕಂಡದ್ದು ಇದೇ ಮೊದಲು.

ಪ್ರೆಸ್ಸಿನಲ್ಲಿ ಯಾವುದೋ ಸಹಕಾರ ಸಂಘದ ವಾರ್ಷಿಕ ವರದಿಯ ಕರಡನ್ನು ಬದಿಗೆ ಸರಿಸಿ, ಟಿಕೆಟ್ ಕೊಂಡ ವೆಬ್‌ಸೈಟನ್ನೇ ಬಿಡಿಸಿಕೊಂಡು ಕೂತ. ‘ಅಗ್ಗದ ಧರ’ದ ಹೊಟ್ಟೆಯ ಸೀಳು ತೆಗೆದು ‘ದರ’ ಮಾಡಿದ. ‘ಗ್ರಾಹಕರ ಶೇವೆ’ಯನ್ನು ಸೇವೆ ಮಾಡಿದ. ‘ಅಣ ಇಂತಿರುಗಿಸಲಾಗುವುದಿಲ್ಲ’ ಎಂಬಲ್ಲಿ ಎರಡು ಹಕಾರ ಹಾಕಿ, ಪ್ರೀತಿಗೆಂದು ಒಂದು ಅರ್ಧವಿರಾಮವನ್ನೂ ಸೇರಿಸಿದ. ಕಳಿಸಿದ್ದೇ ತಡ, ಅಲ್ಲಿ ತಿದ್ದಿರುತ್ತಿದ್ದರು. ನೀರು ಹಾಕಿ ತಿರುಗುವಷ್ಟರಲ್ಲಿ ಗಿಡ ಹೂ ಬಿಟ್ಟ ಹಾಗೆ.

“ಏನ್ ಕಾಗುಣಿತ, ಊಟಕ್ಕೂ ಏಳ್ಲಿಲ್ಲ?” ಬೈಂಡರ್ ಅಂಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದ.

“ನಾಳೆ ವಿಮಾನದಲ್ಲಿ ಹೊರಟಿದೀನಿ” ಎಂದು ಟಿಕೆಟ್ ತೋರಿಸಿದ. ಡಿಟಿಪಿ ಮಾಡುವಾಕೆಯೂ ಕುರ್ಚಿಯ ಸಮೇತ ಉರುಳಿ ಬಂದಳು.

“ಅಯ್ಯೋ, ಇಷ್ಟು ಅಗ್ಗಕ್ಕಾ? ನಿಂತ್ಕೊಂಡು ಹೋಗ್ತೀರೋ ಹೆಂಗೆ?”

“ರೆಕ್ಕೆ ಮೇಲೆ ಸೀಟಿರಬೇಕು, ಗಾಳಿ ಚೆನ್ನಾಗಿ ಬರುತ್ತೆ” ಎಂದ ಬೈಂಡರ್. “ಯಾವುದಕ್ಕೂ ವಿಮಾನದ ಕಂಪನಿಗೆ ಒಂದು ಫೋನ್ ಹಚ್ಚಿ ಮಾರಾಯ್ರೇ.”

ಕಂಪನಿಯ ಹೆಂಗಸು ತಾಳ್ಮೆಯಿಂದ ಹುಡುಕಿ, ನಾಳೆ ಅಂಥ ವಿಮಾನವೇ ಇಲ್ಲ ಎಂದಳು. ಇಡೀ ಪ್ರೆಸ್ಸು ಅವನ ಮೇಜಿನ ಸುತ್ತ ಸಾವಿನ ಮನೆಯ ಹಾಗೆ ನೆರೆಯಿತು. ಅವನು ಟಿಕೆಟ್ ಕಳಿಸಿದವನ ನಂಬರ್ ಒತ್ತಿದ.

“ಹೇಳಿ ಸಾರ್!” ಆ ಕಡೆಯ ದನಿ ಉತ್ಸಾಹದಲ್ಲಿತ್ತು. “ಇನ್ನೊಂದು ಪುಟ ಕಳಿಸ್ಲಾ?”

“ನನ್ನ ಹಣ ವಾಪಸ್ ಕೊಡ್ರಯ್ಯಾ!”

“ಸಾರ್, ಅದು ಆಗಲ್ಲ ಅಂತ ಸೈಟಲ್ಲೇ ಇದೆಯಲ್ಲ. ನೀವೇ ತಿದ್ದಿದ್ದು.”

ಫೋನ್ ಕಟ್ಟಾಯಿತು.

“ಸೈಬರ್ ಠಾಣೆಗೆ ಓಡಿ” ಎಂದಳು ಡಿಟಿಪಿಯಾಕೆ. “ಮನೇಲಿ ಮಾತ್ರ ಹೇಳ್ಬೇಡಿ” ಎಂದ ಅನುಭವಸ್ಥ ಬೈಂಡರ್.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಲೆಕ್ಕಾಚಾರ: ಪೊಲೀಸರು ಸಂಜೆಯೊಳಗೆ ಹಣ ಬಿಡಿಸಿಕೊಟ್ಟರೆ ಬೇರೆ ಟಿಕೆಟ್ ಕೊಳ್ಳಬಹುದು. ಹೆಂಡತಿಗೂ ತಿಳಿಯುವುದಿಲ್ಲ, ಅವಳ ತಮ್ಮನಿಗಂತೂ ತಿಳಿಯಲೇ ಕೂಡದು.

ಠಾಣೆಯ ಬಾಗಿಲು ತಳ್ಳಿದರೆ, ಬೆಂಚಿನ ಮೇಲೆ ಅವಳ ತಮ್ಮ ಕೂತಿದ್ದ. ಪಕ್ಕದಲ್ಲಿ ಹೆಂಡತಿ.

ಯಾರು ಯಾರನ್ನು ಹಿಡಿದರು ಎಂಬುದು ಕ್ಷಣಕಾಲ ಯಾರಿಗೂ ತಿಳಿಯಲಿಲ್ಲ.

“ನಿಮಗೆ ಯಾರು ಹೇಳಿದ್ರು?” ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. “ಬೈಬೇಡ್ರೀ. ನೀವು ಮಾಡಿದ್ದು ಎಲ್ಲಿ ಎಡವಟ್ಟಾಗುತ್ತೋ ಅಂತ ಇವನ ಕೈಲೂ ಎರಡು ಟಿಕೆಟ್ ಮಾಡಿಸಿದೆ. ನಾನು ಕೂಡಿಟ್ಟಿದ್ದೆಲ್ಲ ಹೋಯ್ತು.”

“ಅಕ್ಕನಿಗೆ ಕಿಟಕಿ ಪಕ್ಕ ಸೀಟು ಕೇಳೋಣ ಅಂತ ಕಂಪನಿಗೆ ಫೋನ್ ಮಾಡಿದೆ ಭಾವ, ಅಂಥ ವಿಮಾನವೇ ಇಲ್ಲ ಅಂದ್ರು” ಎಂದ ತಮ್ಮ. ಅವನ ದನಿ ಇಷ್ಟು ಸಣ್ಣದಾಗಿ ಹೊರಟದ್ದನ್ನು ಯಾರೂ ಕೇಳಿರಲಿಲ್ಲ. “ನಾನೇನು ಕಣ್ಮುಚ್ಚಿ ಕೊಡ್ಲಿಲ್ಲ. ಬೆಳಿಗ್ಗೆ ನೋಡಿದಾಗ ಸೈಟ್ ತುಂಬ ತಪ್ಪು. ಕಳ್ಳರದ್ದು ಅಂತ ಬಿಟ್ಟೆ. ಮಧ್ಯಾಹ್ನ ನೋಡಿದ್ರೆ ಒಂದು ಕೊಂಬೂ ಆಚೀಚೆ ಇಲ್ಲ! ಯಾರೋ ಓದಿದವರನ್ನ ಇಟ್ಕೊಂಡಿದಾರೆ, ದೊಡ್ಡ ಕಂಪನಿ ಅಂದ್ಕೊಂಡೆ.”

ಇನ್ಸ್‌ಪೆಕ್ಟರ್ ಕಂಪ್ಯೂಟರಿನ ಪರದೆಯನ್ನು ಇವರತ್ತ ತಿರುಗಿಸಿದರು. “ಇವತ್ತು ಬಂದವರೆಲ್ಲ ಇದನ್ನೇ ಹೇಳ್ತಿದಾರೆ. ನಾವೇ ಜನಕ್ಕೆ ಹೇಳಿಕೊಟ್ಟಿದ್ವಿ, ತಪ್ಪು ಕಂಡ್ರೆ ದೂರ ಇರಿ ಅಂತ. ಯಾವನೋ ಕೂತು ತಿದ್ದಿಕೊಟ್ಟಿದಾನೆ. ನೋಡಿ, ಅರ್ಧವಿರಾಮ ಬೇರೆ ಹಾಕಿದಾನೆ! ಅವನೊಬ್ಬ ಕೈಗೆ ಸಿಗ್ಲಿ, ಕಳ್ಳರಿಗಿಂತ ಮೊದಲು ಅವನನ್ನ ಒಳಗೆ ಹಾಕ್ತೀನಿ.”

ಅರ್ಧವಿರಾಮ ಪರದೆಯ ಮೇಲಿಂದ ಅವನನ್ನೇ ನೋಡುತ್ತಿತ್ತು.

“ನಿಮ್ಮ ದೂರೇನು?” ಇನ್ಸ್‌ಪೆಕ್ಟರ್ ಅವನತ್ತ ತಿರುಗಿದರು. “ಮೊಬೈಲ್ ಕೊಡಿ, ಅವರ ಜೊತೆ ಏನೇನು ಮಾತಾಗಿದೆ ನೋಡೋಣ.”

ಅವನು ಜೇಬಿನಲ್ಲಿದ್ದ ಮೊಬೈಲನ್ನು ಇನ್ನಷ್ಟು ಒಳಕ್ಕೆ ಒತ್ತಿದ.

“ನಂದೇನಿಲ್ಲ ಸಾರ್. ಇವರನ್ನ ಕರ್ಕೊಂಡ್ಹೋಗೋಕೆ ಬಂದೆ.”

ಹೆಂಡತಿ ಅವನನ್ನು ನೋಡಿದಳು. ಮದುವೆಯಾದಂದಿನಿಂದ ಆ ಮುಖದಲ್ಲಿ ಅಂಥ ನಂಬಿಕೆಯನ್ನು ಅವನು ಕಂಡಿರಲಿಲ್ಲ.

“ಒಂದು ಮಾತೂ ಬೈಲಿಲ್ಲ, ನೋಡೋ” ಎಂದಳು ತಮ್ಮನಿಗೆ. “ಸದ್ಯ, ಇವರು ಮಾಡಿದ ಟಿಕೆಟ್ಟಾದ್ರೂ ಇದೆ.”

“ನೀವೇ ಗೆದ್ರಿ ಭಾವ” ಎಂದು ತಮ್ಮ ತಲೆ ತಗ್ಗಿಸಿದ.

ಠಾಣೆಯ ಮೆಟ್ಟಿಲಿಳಿಯುವಾಗಲೇ ಅವಳು ಮಗಳಿಗೆ ಫೋನ್ ಹಚ್ಚಿದ್ದಳು.

“ಹೆದರ್ಬೇಡ ಕಣೇ, ನಾಳೆ ಸಂಜೆ ನಿನ್ನ ಪಕ್ಕದಲ್ಲಿರ್ತೀನಿ. ನಿಮ್ಮಪ್ಪ ಬೆಳಿಗ್ಗೆನೇ ಟಿಕೆಟ್ ಮಾಡಿಟ್ಟಿದಾರೆ. ಇರು, ಎಷ್ಟು ಗಂಟೆಗೆ ವಿಮಾನ ಅಂತ ಅವರೇ ಹೇಳ್ತಾರೆ” ಎಂದು ಫೋನನ್ನು ಅವನ ಕಿವಿಗೆ ಹಿಡಿದಳು.